ಬನ್ನೂರು ಬಸ್ಸು ಹತ್ತಿ, ಪ್ರವಾಸ ಕಥನ ಬರೆಯಿರಿ!

ದುಬೈಗೆ ಹೋಗಿ ಬಂದವರು ಬರೆಯುತ್ತಾರೆ. ಸಿಂಗಪುರಕ್ಕೆ ಹೋಗಿ ಬಂದವರಂತೂ ಬರೆಯದೆ ಬಿಡುವುದಿಲ್ಲ. ಕಾಶಿ, ಕೇದಾರ, ಕಾಶ್ಮೀರ ಮೂರೂ ಮುಗಿಸಿದವರು ಪುಸ್ತಕವನ್ನೇ ಅಚ್ಚು ಹಾಕಿಸಿ ಮೊಮ್ಮಗಳ ಮದುವೆಯಲ್ಲಿ ತಾಂಬೂಲದ ಜೊತೆ ಹಂಚುವುದುಂಟು. ತಪ್ಪೇನಿಲ್ಲ, ಹಂಚಲಿ. ಆದರೆ ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಬನ್ನೂರು ಬಸ್ಸು ಹತ್ತಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದು, ಕಂಡದ್ದನ್ನು ನಾಲ್ಕು ಪುಟ ನೆಟ್ಟಗೆ ಬರೆದವರು ಎಷ್ಟು ಮಂದಿ? ಬೆರಳು ಮಡಿಸಿ ಎಣಿಸಬೇಕು.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಈಗ ವಾರಾಂತ್ಯದ ಶಿಬಿರಗಳ ಕಾಲ. ಕತೆ ಕಮ್ಮಟ, ಕಾವ್ಯ ಕಮ್ಮಟ, ಫೋಟೊ ಕಮ್ಮಟ. ಶನಿವಾರ ಶುರು, ಭಾನುವಾರ ಸಂಜೆ ಸರ್ಟಿಫಿಕೇಟು. ಪ್ರವಾಸ ಬರವಣಿಗೆ ಕಲಿಸುವ ಶಿಬಿರಗಳೂ ಆ ಸಾಲಿಗೆ ಸೇರಿವೆ. ಒಳ್ಳೆಯದೇ. ಆದರೆ ತಂಪು ಕೋಣೆಯಲ್ಲಿ ಕೂರಿಸಿ, ಪರದೆಯ ಮೇಲೆ ಹಿಮಾಲಯ ತೋರಿಸಿ "ಈಗ ಬರೀರಿ" ಅಂದರೆ ಅದು ಬೋರ್ಡಿನ ಮೇಲೆ ಬಾವಿ ಬರೆದು ಈಜು ಕಲಿಸಿದ ಹಾಗೆ. ಶಿಬಿರ ಅಂದ ಮೇಲೆ ಬಸ್ಸು ಹತ್ತಬೇಕು, ಬೆವರಬೇಕು, ನಾಲ್ಕು ಜನರನ್ನು ಮಾತಾಡಿಸಬೇಕು. ಅದಕ್ಕೆ ಹಿಮಾಲಯವೇ ಆಗಬೇಕಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಊರೇ ಮೇಲು.

ಯಾಕೆ ಮೇಲು? ಹಿಮಾಲಯದ ಬಗ್ಗೆ ಏನು ಬರೆದರೂ ಇಲ್ಲಿ ಕೇಳುವವರಿಲ್ಲ. ಬನ್ನೂರಿನ ಬಗ್ಗೆ ಒಂದು ಸಾಲು ತಪ್ಪು ಬರೆದು ನೋಡಿ. ಮಾರನೆಯ ಬೆಳಿಗ್ಗೆ ಬಸ್ಸಿನ ಕಿಟಕಿ ಪಕ್ಕ ಕೂತ ಹಾಲಿನವರೇ ಎದ್ದು ಕೇಳುತ್ತಾರೆ: "ಏನ್ ಸ್ವಾಮಿ, ನೋಡಿ ಬರೆದ್ರಾ, ಮಲಗಿ ಬರೆದ್ರಾ?"

ಯಾರೂ ಇಳಿಯದ ಊರುಗಳು

ಇದು ಬರೀ ಸಾಹಿತ್ಯದ ಮಾತಲ್ಲ. ಗಲ್ಲಾಪೆಟ್ಟಿಗೆಯ ಮಾತೂ ಹೌದು.

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯಿತು. 118 ಕಿಲೋಮೀಟರ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು ಅಂತ ಕಾರಿನವರಿಗೆ ಸಂತೋಷ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇಷ್ಟೂ ಊರುಗಳನ್ನು ಆ ರಸ್ತೆ ಪಕ್ಕಕ್ಕೆ ಸರಿಸಿಬಿಟ್ಟಿತು. ಮೊದಲು ಮದ್ದೂರು ಬಂತು ಅಂದರೆ ವಡೆಗೆ ಗಾಡಿ ನಿಲ್ಲುತ್ತಿತ್ತು. ಚನ್ನಪಟ್ಟಣ ಬಂತು ಅಂದರೆ ಮಗು ಬೊಂಬೆಗೆ ಹಟ ಹಿಡಿಯುತ್ತಿತ್ತು, ಅಪ್ಪ ಬೈಯುತ್ತಲೇ ಇಳಿಯುತ್ತಿದ್ದ. ಈಗ ಮಗು ಹಟ ಹಿಡಿಯುವ ಮೊದಲೇ ಊರು ಹಿಂದೆ ಬಿದ್ದಿರುತ್ತೆ. ಹಳೆ ರಸ್ತೆಯ ಬದಿಯ ಹೋಟೆಲಿನವರು, ಬೊಂಬೆ ಅಂಗಡಿಯವರು ವ್ಯಾಪಾರ ಬಿತ್ತು ಅಂತ ಗೋಳಾಡಿದ್ದು ಆಗ ಪತ್ರಿಕೆಗಳಲ್ಲೆಲ್ಲ ಬಂತು.

ರಸ್ತೆ ಹಿಂದಕ್ಕೆ ಬರುವುದಿಲ್ಲ. ವೇಗ ಬೇಕು ಅಂದವರು ಜನರೇ. ಆದರೆ ಹೆದ್ದಾರಿ ಬಿಟ್ಟು ಪಕ್ಕದ ದಾರಿಗೆ ಗಾಡಿ ತಿರುಗಬೇಕಾದರೆ ತಿರುಗಿಸುವವನಿಗೆ ಒಂದು ಕಾರಣ ಬೇಕು. ಆ ಕಾರಣ ಎಲ್ಲಿಂದ ಬರುತ್ತೆ? ಯಾರೋ ಹೇಳಿರಬೇಕು, ಇಲ್ಲ ಯಾರೋ ಬರೆದಿರಬೇಕು. "ಅಲ್ಲಿ ಇಂಥದ್ದಿದೆ, ಇಷ್ಟು ಹೊತ್ತು ಸಾಕು, ಇಂಥ ಕಡೆ ಊಟ ಸಿಗುತ್ತೆ" ಅನ್ನುವ ನಾಲ್ಕು ಸಾಲು, ಅಂಗಡಿ ಮುಂದಿನ ಬೋರ್ಡಿಗಿಂತ ದೂರ ಹೋಗುತ್ತೆ.

ಅದೇ ನಾಲ್ಕು ಸಾಲು ತಪ್ಪಿದ್ದರೆ? ದೇವಸ್ಥಾನದ ಬಾಗಿಲು ಹಾಕುವ ಹೊತ್ತು ತಪ್ಪು ಬರೆದರೆ, ಮುದುಕಿ ತಾಯಿಯನ್ನು ಕರೆದುಕೊಂಡು ಬಂದ ಸಂಸಾರ ಬೀಗ ನೋಡಿಕೊಂಡು ವಾಪಸು ಹೋಗುತ್ತೆ. ಬರೆದವನ ಹೆಸರು ಅವರಿಗೆ ನೆನಪಿರುವುದಿಲ್ಲ. ಬೈಗುಳ ಮಾತ್ರ ಆ ಊರಿಗೆ ಬೀಳುತ್ತೆ.

ಶುಕ್ರವಾರ ಸಂಜೆ: ಮಾರ್ಕೆಟ್ಟಿನಲ್ಲಿ ಒಂದು ಗಂಟೆ

ಹಾಗಾದರೆ ಶಿಬಿರ ಹೇಗಿರಬೇಕು? ಮೈಸೂರಿನಲ್ಲೇ ನಡೆಯುತ್ತೆ ಅಂತಿಟ್ಟುಕೊಳ್ಳೋಣ. ಮೊದಲ ಪಾಠಕ್ಕೆ ಬಸ್ಸೂ ಬೇಡ. ಶುಕ್ರವಾರ ಸಂಜೆ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರ್ಕೆಟ್ಟು ಸಾಕು. ಒಂದು ಗಂಟೆ ಸಮಯ, ಒಂದು ನೋಟ್‌ಬುಕ್ಕು, ಒಂದೇ ಒಂದು ಕಟ್ಟುಪಾಡು: "ಸುಂದರ", "ಮನೋಹರ", "ರಮಣೀಯ", "ಕಣ್ಮನ ಸೆಳೆಯುವ" ಈ ನಾಲ್ಕು ಮಾತು ಬರೆಯಕೂಡದು. ಹಾಗಂದ ತಕ್ಷಣ ಅರ್ಧ ಜನರ ಪೆನ್ನು ನಿಂತುಹೋಗುತ್ತೆ. ಉಳಿದರ್ಧ ಜನ ಕಣ್ಣು ಬಿಟ್ಟು ನೋಡಲು ಶುರು ಮಾಡುತ್ತಾರೆ.

ನೋಡಲು ಏನಿದೆ? ಹೂವನ್ನು ಮೊಳದಲ್ಲಿ ಅಳೆಯುತ್ತಾರೋ ಮಾರಿನಲ್ಲೋ, ಮಾರುವವಳ ಮೊಳ ಉದ್ದವೋ ಕೊಳ್ಳುವವಳ ಮೊಳವೋ. ವೀಳ್ಯದೆಲೆ ಕಟ್ಟಿನ ಮೇಲೆ ನೀರು ಚಿಮುಕಿಸುವುದು ಯಾವಾಗ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಊರಿನ ಹೆಸರಿನಲ್ಲೇ ಸರ್ಕಾರಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಇವತ್ತು ಬುಟ್ಟಿಯಲ್ಲಿರುವ ಮಲ್ಲಿಗೆ ಎಲ್ಲಿಂದ ಬಂತು? ಇದನ್ನು ಕಚೇರಿಯ ಕಾಗದ ಹೇಳುವುದಿಲ್ಲ. ಬುಟ್ಟಿಯ ಹಿಂದೆ ಕೂತವರೇ ಹೇಳಬೇಕು.

ಕೇಳಿದ ಕೂಡಲೇ ಹೇಳುತ್ತಾರೆಯೇ? ಸಂಜೆ ವ್ಯಾಪಾರದ ಹೊತ್ತಿನಲ್ಲಿ ಕಾಲೇಜು ಹುಡುಗನೊಬ್ಬ ನೋಟ್‌ಬುಕ್ಕು ಬಿಚ್ಚಿಕೊಂಡು, "ಅಕ್ಕಾ, ಈ ಹೂವು ಎಲ್ಲಿಂದ ತರಿಸ್ತೀರಾ?" ಅಂದರೆ ಬರುವ ಉತ್ತರ ಯಾರಿಗೂ ಗೊತ್ತಿರುವಂಥದ್ದೇ. "ತಗೊಳ್ತೀಯೇನಪ್ಪಾ, ಇಲ್ಲ ಬರೀ ವಿಚಾರ್ಸ್ಕೊಂಡು ಹೋಗ್ತೀಯಾ?" ಶಿಬಿರದ ಮೊದಲ ಪಾಠ ಅಲ್ಲೇ ಆಯಿತು. ಮೊದಲು ಒಂದು ಮೊಳ ಹೂ ಕೊಂಡುಕೊಳ್ಳಬೇಕು. ಆಮೇಲೆ ಮಾತು. ಇನ್ನೊಬ್ಬರ ದುಡಿಮೆಯ ಹೊತ್ತನ್ನು ಪುಕ್ಕಟೆ ತಿನ್ನುವವನು ಒಳ್ಳೆ ಪ್ರವಾಸಿಯೂ ಅಲ್ಲ, ಒಳ್ಳೆ ಬರಹಗಾರನೂ ಅಲ್ಲ.

ಈ ಮಾರ್ಕೆಟ್ಟಿನ ಕತೆ ಬರೆಯಲು ಅವಸರವೂ ಇದೆ. 19ನೇ ಶತಮಾನದ ಕೊನೆಯ ಭಾಗದ ಕಟ್ಟಡ. 2016ರ ಆಗಸ್ಟ್‌ನಲ್ಲಿ ಉತ್ತರದ ಒಂದು ಭಾಗ ಕುಸಿದು ಬಿತ್ತು. ಕೆಡವಿ ಹೊಸದು ಕಟ್ಟಬೇಕು ಅಂತ ಒಂದು ಕಡೆ, ರಿಪೇರಿ ಮಾಡಿ ಹಳೆಯದನ್ನೇ ಉಳಿಸಬೇಕು ಅಂತ ಇನ್ನೊಂದು ಕಡೆ ವಾದ ಎದ್ದು ಕೋರ್ಟಿನವರೆಗೂ ಹೋಯಿತು. ಕಟ್ಟಡದ ನಕ್ಷೆ ಎಂಜಿನಿಯರರ ಹತ್ತಿರ ಇರುತ್ತೆ. ಶುಕ್ರವಾರ ಸಂಜೆ ಅಲ್ಲಿ ಹೂವಿನ ಸಾಲು, ಕುಂಕುಮದ ಗುಡ್ಡೆ, ಬಾಳೆಕಾಯಿ ಹರಾಜಿನ ಕೂಗು ಹೇಗಿತ್ತು ಅನ್ನುವುದು ನಕ್ಷೆಯಲ್ಲಿ ಇರುವುದಿಲ್ಲ.

ಶನಿವಾರ: ಕಲ್ಲಿನ ಮೇಲೆ ಒಬ್ಬನ ಸಹಿ

ಶನಿವಾರ ಬೆಳಿಗ್ಗೆ ಬಸ್ಸು. ಮೈಸೂರಿನಿಂದ ಸೋಮನಾಥಪುರ ಸುಮಾರು 35 ಕಿಲೋಮೀಟರ್. ಬನ್ನೂರಿನಲ್ಲಿ ಇಳಿದು ಬೇರೆ ಬಸ್ಸೋ ಆಟೋನೋ ಹಿಡಿಯುವುದು ವಾಡಿಕೆ. ಕಾರಿನಲ್ಲಿ ಹೋದವರಿಗೆ ಬನ್ನೂರು ಎರಡು ನಿಮಿಷದ ಊರು. ಬಸ್ಸಿನವರಿಗೆ ಅದು ಒಂದು ಕಾಫಿಯ ಊರು. ನಾಲೆ ನೀರಿನ ಬತ್ತ, ಕಬ್ಬು, ಬನ್ನೂರು ಕುರಿ ಎಲ್ಲದರ ಮಾತೂ ಆ ಕಾಫಿಯ ಜೊತೆಗೇ ಸಿಗುತ್ತೆ. ಬಸ್ಸು ತಪ್ಪಿ ಅರ್ಧ ಗಂಟೆ ಕಾದದ್ದು ನಷ್ಟವಲ್ಲ. ಪ್ರವಾಸ ಕಥನದಲ್ಲಿ ಓದುಗ ನಂಬುವ ಭಾಗವೇ ಅದು.

ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ ಬರೆಯಿರಿ ಅಂದರೆ ಹತ್ತರಲ್ಲಿ ಒಂಬತ್ತು ಮಂದಿ "ಇಲ್ಲಿ ಕಲ್ಲು ಅರಳಿ ಹೂವಾಗಿದೆ" ಅಂತಲೇ ಶುರು ಮಾಡುತ್ತಾರೆ. ಕಲ್ಲು ಎಷ್ಟು ಕಡೆ ಅರಳೀತು! ಬೇಲೂರಿನಲ್ಲೂ ಅರಳಿದೆ, ಹಳೇಬೀಡಿನಲ್ಲೂ ಅರಳಿದೆ. ಇಲ್ಲಿ ಬೇರೆ ಏನಿದೆ ಅದನ್ನು ಹೇಳಬೇಕು.

ಕಟ್ಟಿಸಿದವನು ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ. ಅಗ್ರಹಾರ ಮಾಡಿ ತನ್ನ ಹೆಸರನ್ನೇ ಊರಿಗೆ ಇಟ್ಟ. ಬಾಗಿಲ ಹತ್ತಿರವೇ ದೊಡ್ಡ ಶಾಸನದ ಕಲ್ಲು ನಿಂತಿದೆ. ಸುತ್ತ ಕಂಬಸಾಲಿನ ಪ್ರಾಕಾರದಲ್ಲಿ 64 ಪುಟ್ಟ ಗುಡಿಗಳು. ನಡುವೆ ಕೇಶವ, ಜನಾರ್ದನ, ವೇಣುಗೋಪಾಲ ಅಂತ ಮೂರು ಗರ್ಭಗುಡಿ. ಕೇಶವನ ಮೂಲ ವಿಗ್ರಹ ಈಗಿಲ್ಲ, ಪೂಜೆಯೂ ಇಲ್ಲ. ಪೂಜೆ ಇಲ್ಲದ ಗುಡಿಗೆ ಹೋದ ಹೆಂಗಸರು ಅಭ್ಯಾಸದಲ್ಲಿ ಕೈಮುಗಿಯುತ್ತಾರೋ ಇಲ್ಲವೋ? ನಿಂತು ನೋಡಿದರೆ ತಾನೇ ಗೊತ್ತಾಗುವುದು!

ಇನ್ನೊಂದಿದೆ. ಗೋಡೆಯ ವಿಗ್ರಹಗಳ ಕೆಳಗೆ ಬಗ್ಗಿ ನೋಡಿದರೆ ಕೆತ್ತಿದವರ ಹೆಸರು ಸಿಗುತ್ತೆ. ಮಲ್ಲಿತಮ್ಮ ಅನ್ನುವ ಶಿಲ್ಪಿಯದೇ ಹೆಚ್ಚು. ಕೆಲವು ಕಡೆ ಪೂರ್ತಿ ಹೆಸರೂ ಇಲ್ಲ, ಬರೀ "ಮಲ್ಲಿ", ಇಲ್ಲವೇ "ಮ". ಮೇಸ್ತ್ರಿ ಗೋಡೆ ಮುಗಿಸಿ ಗುರುತು ಹಾಕಿದ ಹಾಗೆ. ಏಳೂವರೆ ನೂರು ವರ್ಷದ ಹಿಂದಿನ ಕೂಲಿಗಾರನ ಸಹಿ ಓದುವುದಕ್ಕೆ ಕನ್ನಡ ಬಂದರೆ ಸಾಕು, ಅಕ್ಷರದ ಹಳೆ ಮೋಡಿ ಸ್ವಲ್ಪ ರೂಢಿಯಾಗಬೇಕು ಅಷ್ಟೆ. ಈ ಒಂದು "ಮ" ಹುಡುಕಿದವನ ಬರಹ, ಅರಳಿದ ಕಲ್ಲಿನ ಹತ್ತು ಪುಟಕ್ಕಿಂತ ತೂಕ.

ಇಸವಿಯದೂ ಒಂದು ತಕರಾರಿದೆ. ಕೆಲವು ಪುಸ್ತಕಗಳಲ್ಲಿ 1258, ಕೆಲವದರಲ್ಲಿ 1268. ಶಿಬಿರದವರು ಏನು ಮಾಡಬೇಕು? ಚೀಟಿ ಎತ್ತಬಾರದು. ಎಲ್ಲಿ ಓದಿದ್ದು, ಯಾವ ಫಲಕದಲ್ಲಿ ಕಂಡದ್ದು ಅಂತ ಒಂದು ಮಾತು ಸೇರಿಸಿದರೆ ಓದುಗನಿಗೂ ಮರ್ಯಾದೆ, ಬರೆದವನಿಗೂ ಮರ್ಯಾದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆಮೇಲೆ ಊರಿಗೆ ಏನು ಬಂತು? ಬಸ್ಸು ಹೆಚ್ಚಾಯಿತೇ, ಕಕ್ಕಸ್ಸು ಚೊಕ್ಕಟವಾಯಿತೇ, ಎಳನೀರು ಹೆಚ್ಚು ಖರ್ಚಾಗುತ್ತಿದೆಯೇ? ಇದಕ್ಕೆ ಪ್ಯಾರಿಸ್ಸಿನ ಕಚೇರಿಯನ್ನು ಕೇಳಬೇಕಿಲ್ಲ. ಗೇಟಿನ ಮುಂದೆ ಮಚ್ಚು ಹಿಡಿದು ನಿಂತ ಎಳನೀರಿನವರು ಕಂಡದ್ದು ಕಂಡ ಹಾಗೆ ಹೇಳುತ್ತಾರೆ.

ಮರಳು, ಶಾಪ, ಸುಳಿ

ಹೊತ್ತಿದ್ದರೆ ತಿರುಮಕೂಡಲು ನರಸೀಪುರದ ಮೇಲೆ ತಲಕಾಡಿಗೂ ಹೋಗಬಹುದು. ಕೇಳಿದ ಕತೆ ಬೇರೆ, ಗೊತ್ತಾದ ಸಂಗತಿ ಬೇರೆ ಅನ್ನುವುದನ್ನು ಕಲಿಯಲು ಅದಕ್ಕಿಂತ ಒಳ್ಳೆ ಊರಿಲ್ಲ.

ಕತೆ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಒಡವೆಗಳ ಸಮೇತ ಕಾವೇರಿಗೆ ಹಾರಿ, ತಲಕಾಡಿಗೆ ಮರಳು, ಮಾಲಂಗಿಗೆ ಮಡು, ದೊರೆಗಳಿಗೆ ಮಕ್ಕಳಿಲ್ಲದ ಗತಿ ಬರಲಿ ಅಂತ ಶಾಪ ಹಾಕಿದಳು ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಭೂವಿಜ್ಞಾನ ಬಲ್ಲವರ ವಾದ ಬೇರೆ. ವಿಜಯನಗರದ ಕಾಲದಲ್ಲಿ ನದಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಹರಿವು ಬದಲಾಗಿ, ನದಿಯ ಪಾತ್ರದಲ್ಲಿ ಬಯಲಾದ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತು ಅನ್ನುತ್ತಾರೆ. ಎರಡನ್ನೂ ಬರೆಯಬೇಕು. ಆದರೆ ಕತೆಯನ್ನು ಕತೆ ಅಂತ ಬರೆಯಬೇಕು. ಬೆರೆಸಿದರೆ ಎರಡೂ ಕೆಟ್ಟವು.

ಮರಳಿನಡಿ ಸಿಕ್ಕ ಗುಡಿಗಳಿಗೆ ಪಂಚಲಿಂಗ ದರ್ಶನ ವರ್ಷ ವರ್ಷ ಬರುವ ಜಾತ್ರೆಯಲ್ಲ. ಕಾರ್ತೀಕದಲ್ಲಿ ತಿಥಿ, ನಕ್ಷತ್ರ ಕೂಡಿ ಬಂದಾಗ ಮಾತ್ರ. 2013ರಲ್ಲಿ ಆಯಿತು, ಆಮೇಲೆ 2020ರ ಡಿಸೆಂಬರಿನಲ್ಲಿ ಆಯಿತು. ಇಷ್ಟು ತಿಳಿಯದೆ "ಪ್ರತಿ ವರ್ಷ" ಅಂತ ಬರೆದುಬಿಟ್ಟರೆ ನಂಬಿ ಹೊರಟ ಭಕ್ತರ ಗತಿ?

ಎಲ್ಲಕ್ಕಿಂತ ದೊಡ್ಡ ಮಾತು ನದಿಯದು. ತಲಕಾಡಿನ ಮರಳದಂಡೆ, ತಿಳಿನೀರು ನೋಡಿ "ಮನದಣಿಯೆ ಈಜಬಹುದು" ಅಂತ ಬರೆಯುವುದು ಸುಲಭ. ಅಲ್ಲಿ ನೀರಿಗಿಳಿದು ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಎಲ್ಲಿ ಸುಳಿ, ಎಲ್ಲಿ ಆಳ ಅನ್ನುವುದು ತೆಪ್ಪದವರಿಗೆ ಗೊತ್ತು. ಅವರನ್ನು ಕೇಳದೆ ಬರೆದ ಒಂದು ಸಾಲು ಯಾರದೋ ಮನೆಯ ಹುಡುಗನನ್ನು ನೀರಿಗೆ ಇಳಿಸೀತು.

ಭಾನುವಾರ: ಸರಿದ ಕಟ್ಟಡ, ಸರಿಯದ ಬರಹ

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣ. ಬಸ್ಸಿದೆ, ರೈಲೂ ಇದೆ. 1784ರ ದರಿಯಾ ದೌಲತ್, ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಆದ ವೆಲ್ಲೆಸ್ಲಿ ಸೇತುವೆ, ರಂಗನಾಥಸ್ವಾಮಿ ಗುಡಿ. ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಶಿಬಿರದವರು ಹುಡುಕಬೇಕಾದ್ದು ಪಟ್ಟಿಯಲ್ಲಿ ತಪ್ಪಾದದ್ದನ್ನು.

ಒಂದು ಉದಾಹರಣೆ ಸಾಕು. ರೈಲ್ವೆ ಹಳಿ ಪಕ್ಕದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಇತ್ತು. ಬೆಂಗಳೂರು-ಮೈಸೂರು ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ, ಸುಮಾರು ನೂರು ಮೀಟರ್ ಆಚೆಗೆ ಸರಿಸಿ ಕೂರಿಸಿದರು. ಕಟ್ಟಡ ಸರಿಯಿತು. ಹಳೆ ಪುಸ್ತಕಗಳಲ್ಲಿ ಅದು ಇನ್ನೂ ಹಳೆ ಜಾಗದಲ್ಲೇ ಇದೆ. ಅದನ್ನೇ ನೋಡಿ ನಕಲು ಮಾಡಿದವನು ಮನೆಯಲ್ಲೇ ಕೂತು ಬರೆದ ಅಂತ ಅಲ್ಲಿಗೇ ಗೊತ್ತಾಗುತ್ತೆ.

ಇದೇ ಶ್ರೀರಂಗಪಟ್ಟಣಕ್ಕೆ 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಅನ್ನುವ ಡಾಕ್ಟರು ಬಂದಿದ್ದ. ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದವನು. ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಹೊಸದಾಗಿ ಹಿಡಿದ ನಾಡಿನ ಲೆಕ್ಕ ತಿಳಿಯಲು ಬಂದವನು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೂ ಅವನ ಪುಸ್ತಕ ಇವತ್ತಿಗೂ ಕೆಲಸಕ್ಕೆ ಬರುವುದು ಯಾಕೆ ಅಂದರೆ, ರೈತನನ್ನು ಬೀಜ ಎಷ್ಟು, ನೀರು ಎಷ್ಟು, ಕೂಲಿ ಎಷ್ಟು ಅಂತ ಕೇಳಿ ಬರೆದುಕೊಂಡ. ನೇಕಾರನನ್ನು, ಗಾಣದವನನ್ನು ಬಿಡದೆ ಕೇಳಿದ. ಆಳುವವರ ಆಳು ಕೇಳಿದ ಆ ಪ್ರಶ್ನೆಯನ್ನು ಊರಿನ ಮಕ್ಕಳೇ ಕೇಳಲು ಯಾಕೆ ನಾಚಿಕೆ?

ಯಾರು ಬರಬಹುದು?

ಮಧ್ಯಾಹ್ನ ಊಟವಾದ ಮೇಲೆ ಬರೆಯುವುದು, ಆಮೇಲೆ ಗಟ್ಟಿಯಾಗಿ ಓದುವುದು. ಪರೀಕ್ಷೆ ಮಾಡಲು ದೊಡ್ಡ ಸಾಹಿತಿಯೇ ಬೇಕಿಲ್ಲ. ಆ ಊರಿನವರೊಬ್ಬರು, ಆ ಊರಿಗೆ ಹೋಗದವರೊಬ್ಬರು ಎದುರಿಗೆ ಕೂತರೆ ಸಾಕು. ಊರಿನವರು ತಪ್ಪು ಹಿಡಿಯುತ್ತಾರೆ. ಹೋಗದವರು "ಎಲ್ಲಿ ಇಳಿಯಬೇಕು? ಎಷ್ಟು ಹೊತ್ತಾಗುತ್ತೆ?" ಅಂತ ಕೇಳುತ್ತಾರೆ. ಇಬ್ಬರಿಗೂ ಉತ್ತರ ಕೊಟ್ಟ ಬರಹ ಪಾಸು.

ಸಣ್ಣ ಊರಿನ ಬಗ್ಗೆ ಬರೆದರೆ ದೊಡ್ಡ ಬರಹಗಾರ ಆಗುವುದಿಲ್ಲ ಅನ್ನುವವರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ಸಾಕು. ಅವರ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಕ್ಕೆ ದಶಕಗಳ ಮೊದಲೇ ಅವರು 'ಹಳ್ಳಿಯ ಚಿತ್ರಗಳು' ಬರೆದು ಮುಗಿಸಿದ್ದರು. ಹೇಮಾವತಿಯ ದಡದಲ್ಲಿ ಪಳಗಿದ ಕಣ್ಣೇ ಅಮೆರಿಕವನ್ನೂ ನೋಡಿದ್ದು. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ' ಹಂಪಿಯದು, ಸಮುದ್ರ ದಾಟಿದ್ದಲ್ಲ.

ಇಂಥ ಶಿಬಿರಕ್ಕೆ ಬರೀ ಎಂ.ಎ. ಮಾಡಿದವರು ಬರಬೇಕು ಅಂತಿಲ್ಲ. ದಿನಾ ಅದೇ ದಾರಿಯಲ್ಲಿ ಓಡಾಡುವ ಕಂಡಕ್ಟರು, ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊರುವ ವ್ಯಾಪಾರಿ, ಮನೆ ಕೆಲಸದ ನಡುವೆ ಪುರುಸೊತ್ತು ಮಾಡಿಕೊಂಡ ಗೃಹಿಣಿ, ಯಾರೂ ಆಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಮುಗಿಯಿತು. ಎಷ್ಟೋ ಜನ ತಾಯಂದಿರು ಮೊದಲ ಸಲ ತಮಗಾಗಿಯೇ ಅಂತ ಊರು ನೋಡಲು ಹೊರಟದ್ದು ಆಗಲೇ. ಅವರು ನೋಡಿದ್ದನ್ನು ಬರೆಸಿದವರು ಯಾರು? ಗಂಡಸರು ಬರೆದ ಪ್ರವಾಸ ಕಥನದಲ್ಲಿ ಬಸ್ ಸ್ಟ್ಯಾಂಡಿನ ಕಕ್ಕಸ್ಸಿನ ಸ್ಥಿತಿ ಬರುವುದು ಅಪರೂಪ. ಹೆಂಗಸರು ಬರೆದರೆ ಅದೇ ಮೊದಲ ಪುಟದಲ್ಲಿ ಬಂದೀತು, ಬರಲೇಬೇಕು.

ಖರ್ಚು? ಒಂದು ನೋಟ್‌ಬುಕ್ಕು, ಎರಡು ದಿನದ ಬಸ್ ಚಾರ್ಜು, ಕಟ್ಟಿಕೊಂಡು ಹೋದ ಚಿತ್ರಾನ್ನ. ಕೂರಲು ಜಾಗ ಬೇಕಾದರೆ ಭಾನುವಾರ ಖಾಲಿ ಬೀಳುವ ಶಾಲೆ ಇದೆ, ವಾಚನಾಲಯ ಇದೆ. ಓದುಬರಹ ಬಲ್ಲ ಒಬ್ಬರು ಮೇಷ್ಟ್ರು ಮನಸ್ಸು ಮಾಡಿದರೆ ಯಾವ ತಾಲ್ಲೂಕು ಕೇಂದ್ರದಲ್ಲೂ ಶುರುವಾಗುತ್ತೆ. ಮಂಡ್ಯದವರಿಗೆ ಮೇಲುಕೋಟೆ ಇದೆ, ಹಾಸನದವರಿಗೆ ಶ್ರವಣಬೆಳಗೊಳ ಇದೆ, ಚಾಮರಾಜನಗರದವರಿಗೆ ಬಿಳಿಗಿರಿರಂಗನ ಬೆಟ್ಟ ಇದೆ.

ಕೊನೆಗೆ ಒಂದು ಕೆಲಸ ಮರೆಯಬಾರದು. ಬರೆದದ್ದರ ಒಂದು ಪ್ರತಿಯನ್ನು ಆ ಊರಿನ ಎಳನೀರಿನವರಿಗೋ ಕಾಫಿ ಹೋಟೆಲಿನವರಿಗೋ ಕೊಟ್ಟು ಬರಬೇಕು. ಚೆನ್ನಾಗಿದ್ದರೆ ಅವರೇ ಅಂಗಡಿಯಲ್ಲಿ ಅಂಟಿಸಿ ಬಂದವರಿಗೆ ತೋರಿಸುತ್ತಾರೆ. ಚೆನ್ನಾಗಿಲ್ಲದಿದ್ದರೆ ಅದರಲ್ಲೇ ಬೋಂಡ ಕಟ್ಟಿ ಕೊಡುತ್ತಾರೆ.